ನೆಲದವನ ಕೈ, ವೈಮಾನಿಕನ ಕಣ್ಣು

ವಿಮಾನಯಾನದ ಅಪಾಯಗಳೆಂದೊಡನೆ ನಮ್ಮ ಕಲ್ಪನೆ ಆಕಾಶದ ಕಡೆಗೇ ಹರಿಯುತ್ತದೆ. ಬಿರುಗಾಳಿ, ಮಂಜು, ಸಿಡಿಲು, ನಡುವಾನದಲ್ಲಿ ಕೆಟ್ಟ ಯಂತ್ರ, ಇವೇ ಕಣ್ಣಮುಂದೆ ಸುಳಿಯುತ್ತವೆ. ಚಕ್ರಗಳು ನೆಲವನ್ನು ಮುಟ್ಟಿದೊಡನೆ ಪ್ರಯಾಣಿಕನು ನೆಮ್ಮದಿಯ ಉಸಿರು ಬಿಟ್ಟು, ತಲೆಯ ಮೇಲಿನ ಗೂಡಿನಲ್ಲಿಟ್ಟ ಚೀಲದ ಯೋಚನೆಯಲ್ಲಿ ತೊಡಗುತ್ತಾನೆ. ವಿಮಾನವನ್ನು ನಡೆಸುವವರ ಕೆಲಸವಾದರೋ ಇನ್ನೂ ಮುಗಿದಿರುವುದಿಲ್ಲ. ರನ್‌ವೇಯನ್ನು ಬಿಟ್ಟು ಹೊರಬಂದು, ನಿಲ್ದಾಣದ ಕಟ್ಟಡದ ಮುಂದಿನ ವಿಶಾಲವಾದ ಅಂಗಳವನ್ನು ಸೇರಿ, ಅಲ್ಲಿ ಬಳಿದಿರುವ ಒಂದು ಗೆರೆಯ ಮೇಲೆ ಮೂಗಿನ ಚಕ್ರವನ್ನು ಸರಿಯಾಗಿ ನಿಲ್ಲಿಸಿ, ಎಂಜಿನುಗಳನ್ನು ಆರಿಸಬೇಕು. ಈ ಕೊನೆಯ ಕೆಲವು ನಿಮಿಷಗಳಲ್ಲಿ ವಿಮಾನದ ಕ್ಷೇಮವು ಮೇಲೆ ಕುಳಿತ ಇಬ್ಬರ ಕೈಯಲ್ಲಿ ಮಾತ್ರವಲ್ಲದೆ, ಕೆಳಗೆ ನಿಂತ ನಾಲ್ಕಾರು ಜನರ ಕೈಯಲ್ಲಿಯೂ ಇರುತ್ತದೆ. ಈ ಎರಡು ಗುಂಪುಗಳು ಒಬ್ಬರ ಮಾತನ್ನೊಬ್ಬರು ಹೇಗೆ ಅರಿಯುತ್ತಾರೆ, ಅರಿಯದೆ ಹೋದಾಗ ಏನಾಗುತ್ತದೆ ಎಂಬುದೇ ಈ ಪಾಠದ ವಿಷಯ.

ಮೊದಲು ವೈಮಾನಿಕನ ಸ್ಥಿತಿಯನ್ನು ಯೋಚಿಸಿ ನೋಡೋಣ. ದೊಡ್ಡ ಬೋಯಿಂಗ್ 747 ವಿಮಾನದಲ್ಲಿ ಅವನು ಎರಡು ಮಹಡಿಗಳಿಗಿಂತಲೂ ಎತ್ತರದಲ್ಲಿ ಕುಳಿತಿರುತ್ತಾನೆ. ಅವನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದಂತೆ, ಅರವತ್ತು ಮೀಟರಿಗೂ ಮಿಕ್ಕಿದ ರೆಕ್ಕೆಗಳು ಚಾಚಿಕೊಂಡಿರುತ್ತವೆ. ಮೂಗಿನ ಚಕ್ರವೆಂದು ಹೆಸರಾದರೂ ಆ ಚಕ್ರವಿರುವುದು ಅವನ ಆಸನಕ್ಕಿಂತ ಹಿಂದೆ. ಆದುದರಿಂದ ತಾನು ನಿಲ್ಲಬೇಕಾದ ಗೆರೆಯನ್ನು ಚಕ್ರ ಮುಟ್ಟುವ ಹೊತ್ತಿಗೆ ಆ ಗೆರೆ ಅವನ ದೃಷ್ಟಿಯಿಂದ ಮರೆಯಾಗಿರುತ್ತದೆ. ನೂರಾರು ಟನ್ ತೂಗುವ ಯಂತ್ರವನ್ನು ಅಂಗುಲಗಳ ಲೆಕ್ಕದಲ್ಲಿ ನಿಲ್ಲಿಸಬೇಕಾದವನಿಗೆ ಅದರ ಚಕ್ರವೂ ಕಾಣದು, ರೆಕ್ಕೆಯ ತುದಿಯೂ ಕಾಣದು. ಇನ್ನೊಬ್ಬರ ಕಣ್ಣನ್ನು ಅವನು ಎರವಲು ಪಡೆಯಲೇಬೇಕು.

ನಮ್ಮ ಊರಿನ ಬಸ್ಸನ್ನು ಹಿಂದಕ್ಕೆ ಸರಿಸುವಾಗ ನಿರ್ವಾಹಕನು ಕೆಳಗಿಳಿದು ಹಿಂದೆ ನಿಂತು, "ಬರಲಿ, ಬರಲಿ, ರೈಟ್, ರೈಟ್, ಹೋಲ್ಡಾನ್!" ಎಂದು ಕೂಗುವುದನ್ನು ನೀವೆಲ್ಲರೂ ಕೇಳಿದ್ದೀರಿ. ಚಾಲಕನು ಕನ್ನಡಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಆ ಕೂಗನ್ನೇ ನಂಬುತ್ತಾನೆ. ಇಲ್ಲಿಯ "ರೈಟ್" ಎಂಬುದಕ್ಕೆ "ಸರಿ, ನಡೆ" ಎಂದರ್ಥವೇ ಹೊರತು "ಬಲಕ್ಕೆ ತಿರುಗು" ಎಂದಲ್ಲ. ಇದು ನಮ್ಮ ಚಾಲಕನಿಗೆ ಗೊತ್ತು. ಬೇರೆ ದೇಶದಿಂದ ಬಂದವನೊಬ್ಬನು ಚಾಲಕನ ಆಸನದಲ್ಲಿ ಕುಳಿತಿದ್ದರೆ ಬಸ್ಸಿನ ಬಲಮಗ್ಗುಲು ಗೋಡೆಗೆ ತಾಗುವುದರಲ್ಲಿ ಸಂಶಯವಿಲ್ಲ. ವಿಮಾನ ನಿಲ್ದಾಣದಲ್ಲಿ ಪ್ರತಿದಿನವೂ ಬರುವವರು ಬೇರೆ ದೇಶದ ಚಾಲಕರೇ. ಅಲ್ಲದೆ ಎಂಜಿನುಗಳ ಮೊರೆತದಲ್ಲಿ ಕೂಗಿದ ಮಾತು ಪಕ್ಕದವನಿಗೂ ಕೇಳಿಸದು. ಈ ಕಾರಣದಿಂದ ಇಲ್ಲಿ ಬಾಯಿಗೆ ಬದಲು ಕೈ ಮಾತನಾಡಬೇಕಾಯಿತು.

ಹೀಗೆ ಕೈಸನ್ನೆಯಿಂದ ವಿಮಾನವನ್ನು ನಡೆಸುವವನಿಗೆ ಮಾರ್ಷಲರ್ ಎಂದು ಹೆಸರು. ದೂರದಿಂದಲೇ ಎದ್ದು ಕಾಣುವ ಬಣ್ಣದ ಮೇಲಂಗಿಯನ್ನು ತೊಟ್ಟು, ಎರಡು ಕೈಗಳಲ್ಲಿಯೂ ಒಂದೊಂದು ಕೋಲನ್ನು ಹಿಡಿದು, ಅವನು ವಿಮಾನಕ್ಕೆ ಎದುರಾಗಿ ನಿಲ್ಲುತ್ತಾನೆ. ರಾತ್ರಿಯಾದರೆ ಆ ಕೋಲುಗಳೊಳಗೆ ದೀಪ ಉರಿಯುತ್ತಿರುತ್ತದೆ. ಮೊಣಕೈ ಮಡಿಸಿ ಕೋಲುಗಳನ್ನು ಎದೆಯಿಂದ ತಲೆಯವರೆಗೆ ಮೇಲಕ್ಕೂ ಕೆಳಕ್ಕೂ ಆಡಿಸಿದರೆ "ನೇರವಾಗಿ ಬಾ" ಎಂದರ್ಥ. ಚಾಚಿದ ತೋಳುಗಳನ್ನು ಮೆಲ್ಲನೆ ಕೆಳಕ್ಕೆ ತಟ್ಟಿದಂತೆ ಮಾಡಿದರೆ "ವೇಗ ತಗ್ಗಿಸು" ಎಂದು. ಎರಡು ತೋಳುಗಳನ್ನೂ ಪಕ್ಕಕ್ಕೆ ಚಾಚಿ ನಿಧಾನವಾಗಿ ತಲೆಯ ಮೇಲಕ್ಕೆ ತಂದು ಕೋಲುಗಳನ್ನು ಕತ್ತರಿಯಾಕಾರದಲ್ಲಿ ಕೂಡಿಸಿದರೆ "ನಿಲ್ಲು". ಅದನ್ನೇ ಥಟ್ಟನೆ ಮಾಡಿದರೆ "ಈ ಕ್ಷಣವೇ ನಿಲ್ಲು". ಕೈಯ ಆಕಾರ ಒಂದೇ ಆದರೂ ಅದರ ವೇಗದಲ್ಲಿ ಅರ್ಥ ಬದಲಾಗುವುದನ್ನು ಗಮನಿಸಿ. ತಿರುಗಿಸುವ ಸಂಜ್ಞೆಯಲ್ಲಿಯೂ ಹೀಗೆಯೇ: ಕರೆಯುವ ಕೈ ಎಷ್ಟು ಬೇಗ ಆಡುತ್ತದೆಯೋ ತಿರುವು ಅಷ್ಟು ಚುರುಕಾಗಿರಬೇಕು.

ಎದುರುಬದುರಾಗಿ ನಿಂತವರ ಎಡ ಬಲಗಳು ಅದಲುಬದಲಾಗಿರುತ್ತವೆ. ಈ ತೊಡಕನ್ನು ನಿವಾರಿಸಲು ಎಡಬಲಗಳೆಲ್ಲ ವೈಮಾನಿಕನವೇ ಎಂದು ನಿಯಮವಾಗಿದೆ. ವಿಮಾನವು ತನ್ನ ಎಡಕ್ಕೆ ತಿರುಗಬೇಕಾದರೆ ಮಾರ್ಷಲರ್ ತನ್ನ ಬಲತೋಳನ್ನು ಪಕ್ಕಕ್ಕೆ ಚಾಚುತ್ತಾನೆ, ಎಡಗೈಯಿಂದ ಕರೆಯುತ್ತಾನೆ. ನೋಡುವವನಿಗೆ ಯಾವ ಗೊಂದಲವೂ ಇಲ್ಲ, ತೋಳು ತೋರಿದ ಕಡೆಗೆ ತಿರುಗಿದರಾಯಿತು. ಗೊಂದಲವೇನಿದ್ದರೂ ಸಂಜ್ಞೆ ಮಾಡುವವನ ಪಾಲಿಗೆ; ಅದನ್ನು ಅವನು ಅಭ್ಯಾಸದಿಂದ ಗೆಲ್ಲಬೇಕು. ಎಂಜಿನುಗಳ ಸಂಖ್ಯೆಯೂ ಹಾಗೆಯೇ. ವೈಮಾನಿಕನ ಎಡತುದಿಯದು ಒಂದನೆಯ ಎಂಜಿನ್. ಎದುರಿಗೆ ನಿಂತವನಿಗೆ ಅದು ತನ್ನ ಬಲಗಡೆ ಕಾಣುತ್ತದೆ. ಒಂದು ಬೆರಳೆತ್ತಿದಾಗ ಯಾವ ಎಂಜಿನ್ ಚಾಲನೆಗೊಳ್ಳಲಿದೆ ಎಂಬುದನ್ನು ತಪ್ಪಾಗಿ ತಿಳಿದವನು ಬೀಸುತ್ತಿರುವ ಯಂತ್ರದ ಬಾಯ ಮುಂದೆಯೇ ನಿಂತಿರಬಹುದು.

ಸಂಜ್ಞೆಗಳು ಜಗತ್ತಿನಾದ್ಯಂತ ಒಂದೇ ಆಗಿರಬೇಕೆಂಬ ಅರಿವು ಒಂದೇ ದಿನದಲ್ಲಿ ಮೂಡಿದುದಲ್ಲ. ಎರಡನೆಯ ಮಹಾಯುದ್ಧದ ಕಾಲದ ಒಂದು ಸಂಗತಿ ಇಲ್ಲಿ ಉಲ್ಲೇಖಾರ್ಹವಾಗಿದೆ. ಆಗ ವಿಮಾನವಾಹಕ ಹಡಗುಗಳ ಮೇಲೆ ವಿಮಾನಗಳನ್ನು ಇಳಿಸುವುದಕ್ಕೂ ಕೈಸನ್ನೆಯೇ ಗತಿಯಾಗಿತ್ತು. ಹಡಗಿನ ಅಂಚಿನಲ್ಲಿ ಒಬ್ಬ ಅಧಿಕಾರಿ ಎರಡು ಕೈಗಳಲ್ಲಿಯೂ ಹಲಗೆಗಳನ್ನು ಹಿಡಿದು ನಿಂತು, ಇಳಿದು ಬರುತ್ತಿರುವ ವೈಮಾನಿಕನಿಗೆ ದಾರಿ ತೋರುತ್ತಿದ್ದನು. ಬ್ರಿಟಿಷ್ ನೌಕಾದಳದಲ್ಲಿ ಅವನು ಕೈಗಳನ್ನು ಮೇಲೆತ್ತಿದರೆ "ಮೇಲಕ್ಕೆ ಹೋಗು" ಎಂಬ ಆಜ್ಞೆ. ಅಮೆರಿಕದ ನೌಕಾದಳದಲ್ಲಿ ಅದೇ ಕೈ ಮೇಲೆದ್ದರೆ "ನೀನು ತೀರ ಮೇಲಿದ್ದೀಯೆ" ಎಂಬ ವರದಿ. ಅರ್ಥಾತ್ ವೈಮಾನಿಕನು ಕೆಳಕ್ಕೆ ಬರಬೇಕು. ಒಂದು ದೇಶದವರು ಮಾಡಬೇಕಾದುದನ್ನು ಹೇಳಿದರು, ಇನ್ನೊಂದು ದೇಶದವರು ಇರುವುದನ್ನು ಹೇಳಿದರು. ಎರಡೂ ತಮ್ಮ ತಮ್ಮ ಮಟ್ಟಿಗೆ ಯುಕ್ತವಾದ ಪದ್ಧತಿಗಳೇ. ಎರಡೂ ಒಂದೇ ಹಡಗಿನಲ್ಲಿ ಸೇರಿದರೆ ಮಾತ್ರ ಅನರ್ಥ. 1943ರಲ್ಲಿ ಬ್ರಿಟನ್ನಿನ ವಿಕ್ಟೋರಿಯಸ್ ಎಂಬ ಹಡಗು ಅಮೆರಿಕದ ಸಾರಾಟೋಗಾ ಹಡಗಿನೊಡನೆ ಶಾಂತಸಾಗರದಲ್ಲಿ ಕೆಲಸ ಮಾಡಬೇಕಾಗಿ ಬಂದಾಗ, ಬ್ರಿಟಿಷರು ಅಮೆರಿಕದವರ ಸಂಜ್ಞೆಗಳನ್ನು ಹೊಸದಾಗಿ ಕಲಿತರು. ವರ್ಷಗಟ್ಟಲೆ ರೂಢಿಯಾದುದನ್ನು ಮರೆತು ಅದರ ವಿರುದ್ಧಾರ್ಥವನ್ನು ರೂಢಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಾವು ಊಹಿಸಬಹುದು.

1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ನಾಗರಿಕ ವಿಮಾನಯಾನದ ಒಪ್ಪಂದಕ್ಕೆ ಸಹಿ ಬಿದ್ದಿತು. ಅದರ ಫಲವಾಗಿ 1947ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ವಿಧ್ಯುಕ್ತವಾಗಿ ಅಸ್ತಿತ್ವಕ್ಕೆ ಬಂದಿತು. ಮಾಂಟ್ರಿಯಲ್ ಅದರ ಕೇಂದ್ರ. ಮೇಲೆ ವಿವರಿಸಿದ ಸಂಜ್ಞೆಗಳು ಆ ಸಂಸ್ಥೆಯ ನಿಯಮಾವಳಿಯಲ್ಲಿ ಚಿತ್ರಸಹಿತವಾಗಿ ದೊರೆಯುತ್ತವೆ.

ವಿಮಾನ ನಿಂತ ಮೇಲಿನ ವ್ಯವಹಾರವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ನಿಂತ ವಿಮಾನವನ್ನು ಹಿಡಿದಿಡುವ ಸಾಧನಗಳು ಎರಡು. ಒಂದು ವೈಮಾನಿಕನ ಕೈಯಲ್ಲಿರುವ ಬ್ರೇಕು. ಇನ್ನೊಂದು ನೆಲದವರು ಚಕ್ರಗಳಿಗೆ ಕೊಡುವ ಅಡ್ಡಬೆಣೆ. ಇಳಿಜಾರಿನಲ್ಲಿ ನಿಂತ ಲಾರಿಯ ಗಾಲಿಗೆ ನಮ್ಮವರು ಕಲ್ಲು ಕೊಡುವಂತೆ ಇದು. ಬ್ರೇಕೊಂದೇ ಸಾಲದೆ ಎಂದು ನೀವು ಕೇಳಬಹುದು. ಬ್ರೇಕಿಗೆ ಬಲ ಬರುವುದು ದ್ರವದ ಒತ್ತಡದಿಂದ. ಎಂಜಿನುಗಳು ನಿಂತು ಗಂಟೆಗಳು ಕಳೆದಂತೆ ಆ ಒತ್ತಡ ಇಳಿಯುತ್ತ ಹೋಗುತ್ತದೆ. ಮತ್ತೊಂದು ಕಾರಣವೂ ಉಂಟು. ಇಳಿದು ವೇಗ ಕಳೆದುಕೊಳ್ಳುವಾಗ ಬ್ರೇಕುಗಳು ಸುಡುವಂತೆ ಕಾಯ್ದಿರುತ್ತವೆ. ಅವು ತಣಿಯಲೆಂದು, ಬೆಣೆಗಳನ್ನು ಕೊಟ್ಟಾದ ಮೇಲೆ ವೈಮಾನಿಕನು ಬ್ರೇಕನ್ನು ಸಡಿಲಿಸುವುದುಂಟು. ಅಂದರೆ, ಒಂದು ಹಿಡಿತದಿಂದ ಇನ್ನೊಂದು ಹಿಡಿತಕ್ಕೆ ವಿಮಾನವನ್ನು ಒಪ್ಪಿಸುವ ಒಂದು ಕ್ಷಣವಿದೆ. ಬೆಣೆ ಕೊಟ್ಟಿದ್ದಾರೆಂದು ಮೇಲಿನವನು ತಿಳಿದು, ಬ್ರೇಕು ಹಾಕಿಯೇ ಇದೆಯೆಂದು ಕೆಳಗಿನವನು ತಿಳಿದು, ಎರಡೂ ನಿಜವಲ್ಲದಿದ್ದರೆ ಆ ಕ್ಷಣದಲ್ಲಿ ವಿಮಾನವನ್ನು ಹಿಡಿದವರು ಯಾರೂ ಇರುವುದಿಲ್ಲ. ಕಣ್ಣಿಗೆ ಕಾಣದಷ್ಟು ಇಳಿಜಾರಿದ್ದರೂ ಸಾಕು, ಅದು ತಾನಾಗಿಯೇ ಉರುಳತೊಡಗುತ್ತದೆ.

ಇಲ್ಲಿಯ ಸಂಜ್ಞೆಗಳೋ ಒಂದಕ್ಕೊಂದು ಬಹಳ ಹತ್ತಿರದವು. "ಬೆಣೆ ಕೊಟ್ಟಾಯಿತು" ಎನ್ನಲು ಮಾರ್ಷಲರ್ ತಲೆಯ ಮೇಲೆ ಎತ್ತಿದ ಕೋಲುಗಳನ್ನು ಪರಸ್ಪರ ಮುಟ್ಟುವವರೆಗೆ ಒಳಮುಖವಾಗಿ ತಿವಿಯುತ್ತಾನೆ. "ಬೆಣೆ ತೆಗೆದಾಯಿತು" ಎನ್ನಲು ಅವೇ ಕೋಲುಗಳನ್ನು ಹೊರಮುಖವಾಗಿ ತಿವಿಯುತ್ತಾನೆ. ಬ್ರೇಕು ಹಾಕೆನ್ನಲು ತೆರೆದ ಅಂಗೈಯನ್ನು ತೋರಿಸಿ ಮುಷ್ಟಿ ಬಿಗಿಯುತ್ತಾನೆ. ಬಿಡೆನ್ನಲು ಮುಷ್ಟಿಯನ್ನು ತೋರಿಸಿ ಅಂಗೈ ತೆರೆಯುತ್ತಾನೆ. ಆರಂಭದ ಒಂದು ಕ್ಷಣ ವೈಮಾನಿಕನ ದೃಷ್ಟಿ ಅತ್ತಿತ್ತ ಸರಿದಿದ್ದರೆ, ಅವನಿಗೆ ಕಾಣುವುದು ಸಂಜ್ಞೆಯ ಅರ್ಧಭಾಗ ಮಾತ್ರ; ಆ ಅರ್ಧದಿಂದ ಅರ್ಥವನ್ನು ನಿರ್ಣಯಿಸಲಾಗದು. ನಿಯಮಾವಳಿ ಈ ದೌರ್ಬಲ್ಯವನ್ನು ಮರೆತಿಲ್ಲ. ಬ್ರೇಕಿನ ಸಂಜ್ಞೆಯನ್ನು ಕಣ್ಣಿಗೆ ಕಣ್ಣು ಕೂಡಿದ ಮೇಲೆಯೇ ಮಾಡಬೇಕು, ವೈಮಾನಿಕನು ಹೆಬ್ಬೆರಳೆತ್ತಿ ಒಪ್ಪುವವರೆಗೆ ಮಾರ್ಷಲರ್ ನಿಂತ ಸ್ಥಳದಿಂದ ಕದಲಬಾರದು, ವೈಮಾನಿಕನ ಅನುಮತಿಯಿಲ್ಲದೆ ಬೆಣೆಗಳನ್ನು ತೆಗೆಯಬಾರದು ಎಂದು ಅದು ವಿಧಿಸುತ್ತದೆ. ಮಾರ್ಷಲರ್ ಕಣ್ಣಿಗೆ ಮರೆಯಾದರೆ ವೈಮಾನಿಕನು ವಿಮಾನವನ್ನು ನಿಲ್ಲಿಸಿಬಿಡಬೇಕು. ಇವನ್ನು ಕೇವಲ ಶಿಷ್ಟಾಚಾರವೆಂದು ಬಗೆಯುವವರು, ಹೇಳುವುದಷ್ಟೇ ತಮ್ಮ ಕರ್ತವ್ಯ, ಕೇಳಿಸಿಕೊಳ್ಳುವುದು ಎದುರಿನವನ ಕರ್ತವ್ಯ ಎಂದು ಭಾವಿಸುವವರೇ ಆಗಿರುತ್ತಾರೆ.

ವಿಮಾನವೂ ತನ್ನದೇ ಆದ ಒಂದು ಸಂಜ್ಞೆಯನ್ನು ಮಾಡುತ್ತಿರುತ್ತದೆ. ಅದರ ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಕೆಂಪು ದೀಪಗಳು ಮಿನುಗುತ್ತವೆ. ಎಂಜಿನುಗಳು ನಡೆಯುತ್ತಿವೆ, ದೂರವಿರಿ ಎಂಬುದೇ ಅವುಗಳ ಅರ್ಥ. ದೀಪ ಆರುವವರೆಗೆ ಸಾಮಾನಿನ ಬಂಡಿಯಾಗಲಿ ಏಣಿಯಾಗಲಿ ವಿಮಾನದ ಬಳಿಗೆ ಸುಳಿಯಬಾರದು. ಆಧುನಿಕ ಎಂಜಿನ್ನಿನ ಮುಂಭಾಗವು ಗಾಳಿಯನ್ನು ಎಳೆದುಕೊಳ್ಳುವ ರಭಸವೆಷ್ಟೆಂದರೆ, ಕೆಲವು ಮೀಟರುಗಳೊಳಗೆ ಬಂದ ಮನುಷ್ಯನು ಕಾಲೂರಿ ನಿಲ್ಲಲಾರನು. ಹಿಂಭಾಗದಿಂದ ಹೊಮ್ಮುವ ಗಾಳಿ ಬಂಡಿಗಳನ್ನು ಉರುಳಿಸಬಲ್ಲುದು. ಎಂಜಿನ್ನನ್ನು ಆರಿಸಿದ ಮೇಲೆಯೂ ಅದರ ತಿರುಗಣೆ ನಿಲ್ಲಲು ಸ್ವಲ್ಪ ಸಮಯ ಹಿಡಿಯುತ್ತದೆ.

ದೀಪ ಆರುವವರೆಗೆ ಕಾಯಬೇಕೆಂಬ ಈ ಸರಳ ನಿಯಮಕ್ಕೆ ಒಂದು ಅಪವಾದವಿದೆ. ಅಪಾಯವೂ ಅಲ್ಲಿಯೇ ಅಡಗಿದೆ. ವಿಮಾನದ ಬಾಲದಲ್ಲಿ ಒಂದು ಚಿಕ್ಕ ಸಹಾಯಕ ಎಂಜಿನ್ ಇರುತ್ತದೆ. ದೊಡ್ಡ ಎಂಜಿನುಗಳು ನಿಂತಾಗ ವಿಮಾನಕ್ಕೆ ವಿದ್ಯುತ್ತನ್ನು ಒದಗಿಸುವುದು ಅದರ ಕೆಲಸ. ಅದು ಕೆಟ್ಟಿದ್ದರೆ, ನೆಲದ ವಿದ್ಯುತ್ ತಂತಿಯನ್ನು ಜೋಡಿಸುವವರೆಗೆ ದೊಡ್ಡ ಎಂಜಿನ್ನೊಂದನ್ನಾದರೂ ನಡೆಸುತ್ತಿರಬೇಕಾಗುತ್ತದೆ. ಆಗ ಕೆಂಪು ದೀಪ ಮಿನುಗುತ್ತಿರುವಂತೆಯೇ ಒಬ್ಬನು ವಿಮಾನದ ಬಳಿಗೆ ಹೋಗಬೇಕು. ದಿನವೂ ಪಾಲಿಸುವ ನಿಯಮವನ್ನು ಅಂದು ಒಬ್ಬನು ಮುರಿಯಬೇಕು, ಉಳಿದವರು ಮುರಿಯಬಾರದು.

2022ರ ಡಿಸೆಂಬರ್ 31ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ವಿಮಾನ ನಿಲ್ದಾಣದಲ್ಲಿ ಇಂತಹುದೇ ಸನ್ನಿವೇಶ ಒದಗಿತು. ಡಲ್ಲಾಸಿನಿಂದ ಬಂದ ಎಂಬ್ರೇರ್ ವಿಮಾನದ ಸಹಾಯಕ ಎಂಜಿನ್ ಕೆಲಸ ಮಾಡುತ್ತಿರಲಿಲ್ಲ. ಈ ಸಂಗತಿ ನೆಲದವರಿಗೆ ತಿಳಿಯದೆ ಹೋಯಿತೆಂದು ಹೇಳುವಂತಿಲ್ಲ. ವಿಮಾನ ಬರುವ ಮೊದಲೇ ಅವರೆಲ್ಲರೂ ಒಂದೆಡೆ ಸೇರಿ, ತಂತಿ ಜೋಡಿಸುವವರೆಗೆ ಎಂಜಿನುಗಳು ನಡೆಯುತ್ತಿರುತ್ತವೆ, ಯಾರೂ ಹತ್ತಿರ ಹೋಗಬಾರದು ಎಂದು ಮಾತನಾಡಿಕೊಂಡಿದ್ದರು. ಒಮ್ಮೆಯಲ್ಲ, ಎರಡು ಬಾರಿ. ವಿಮಾನ ಬಂದು ನಿಂತಿತು. ಕ್ಯಾಪ್ಟನ್ ಬ್ರೇಕು ಹಾಕಿ, ನೆಲದ ವಿದ್ಯುತ್ತನ್ನು ಜೋಡಿಸಿರೆಂದು ಕೈಸನ್ನೆ ಮಾಡಿದನು. ಬಲಗಡೆಯ ಎಂಜಿನ್ನನ್ನು ಆರಿಸುತ್ತಿರುವಾಗಲೇ, ಮುಂಭಾಗದ ಸಾಮಾನಿನ ಬಾಗಿಲು ತೆರೆದಿದೆ ಎಂಬ ಸೂಚನೆ ಅವನ ಮುಂದಿನ ಫಲಕದಲ್ಲಿ ಕಾಣಿಸಿಕೊಂಡಿತು. ಎಂಜಿನ್ ನಡೆಯುತ್ತಿರುವಾಗ ಬಾಗಿಲು ತೆರೆದವರಾರು? ಆತನು ಪಕ್ಕದ ಕಿಟಕಿಯನ್ನು ಸರಿಸಿ, ಎಂಜಿನುಗಳು ಇನ್ನೂ ನಡೆಯುತ್ತಿವೆ ಎಂದು ಕೆಳಗಿದ್ದವನಿಗೆ ತಿಳಿಸಿದನು. ಅದೇ ವೇಳೆಗೆ ವಿಮಾನದ ಹಿಂಭಾಗದಲ್ಲಿ, ಕಾವಲಿನ ಗುರುತಾಗಿ ಇಡುವ ಶಂಕುವನ್ನು ಹಿಡಿದು ಇನ್ನೊಬ್ಬ ಕೆಲಸಗಾರ್ತಿ ಎಡಗಡೆಯ ಎಂಜಿನ್ನಿನತ್ತ ಬರುತ್ತಿದ್ದಳು. ಅವಳ ಸಹೋದ್ಯೋಗಿಯೊಬ್ಬನು ಕೂಗಿದನು, ಕೈಬೀಸಿ ಹಿಂದೆ ಸರಿಯುವಂತೆ ಸೂಚಿಸಿದನು. ಆ ಮೊರೆತದಲ್ಲಿ ಕೂಗು ಏನಾಯಿತೋ! ಮರುಕ್ಷಣದಲ್ಲಿ ವಿಮಾನ ಬಲವಾಗಿ ಅದುರಿತು, ಎಡಗಡೆಯ ಎಂಜಿನ್ ತಾನಾಗಿಯೇ ನಿಂತುಹೋಯಿತು. ಆ ಕೆಲಸಗಾರ್ತಿ ಉಳಿಯಲಿಲ್ಲ.

ಈ ದುರಂತದಲ್ಲಿ ಎಚ್ಚರಿಕೆ ಹೇಳದೆ ಇದ್ದವರು ಯಾರೂ ಇಲ್ಲವೆಂಬುದನ್ನು ನಾವು ಗಮನಿಸಬೇಕು. ಸಭೆಯಲ್ಲಿ ಹೇಳಿದರು, ಕಿಟಕಿಯಿಂದ ಹೇಳಿದರು, ಕೈಬೀಸಿ ಹೇಳಿದರು. ಆದರೆ ವೈಮಾನಿಕನು ಒಬ್ಬನಿಗೆ ಹೇಳಿದುದು ಇನ್ನೊಬ್ಬಳಿಗೆ ಮುಟ್ಟುವ ದಾರಿಯಿರಲಿಲ್ಲ. ಒಂದು ಎಂಜಿನ್ ಆರುವ ಸದ್ದು ಕೇಳಿದವರಿಗೆ ಎರಡೂ ಆರಿದವೆಂಬ ಭ್ರಮೆ ಹುಟ್ಟುವುದು ಅಸಂಭವವಲ್ಲ. ಆ ಹೊತ್ತಿನಲ್ಲಿ ಎಲ್ಲರಿಗೂ ಒಂದೇ ಸಮನಾಗಿ ಕಾಣುತ್ತಿದ್ದ ಮಾತೆಂದರೆ ಆ ಕೆಂಪು ದೀಪವೊಂದೇ.

ನಮ್ಮ ದೇಶದಲ್ಲಿಯೂ ಇದಕ್ಕೆ ಸಮೀಪವಾದ ದುರಂತವೊಂದು ನಡೆದಿದೆ. 2015ರ ಡಿಸೆಂಬರ್ 16ರ ರಾತ್ರಿ ಮುಂಬಯಿಯಲ್ಲಿ, ಹೈದರಾಬಾದಿಗೆ ಹೊರಟ ಏರ್‌ಬಸ್ ವಿಮಾನವನ್ನು ಟ್ರ್ಯಾಕ್ಟರಿನಿಂದ ಹಿಂದಕ್ಕೆ ನೂಕಿ ನಿಲ್ಲಿಸಲಾಗಿತ್ತು. ಎಂಜಿನುಗಳು ಚಾಲನೆಗೊಂಡಿದ್ದವು. ವೈಮಾನಿಕರೊಡನೆ ಮಾತನಾಡುವ ಸಾಧನವನ್ನು ಕಿವಿಗೆ ಧರಿಸಿದ್ದ ತಂತ್ರಜ್ಞನು ಮೂಗಿನ ಚಕ್ರದ ಬಳಿಯ ಅಪಾಯದ ವಲಯದಿಂದ ಇನ್ನೂ ಹೊರಬಂದಿರಲಿಲ್ಲ. ನೆಲದವರ ಕೊನೆಯ ಅನುಮತಿ ದೊರೆಯುವ ಮೊದಲೇ ವಿಮಾನ ಮುಂದಕ್ಕೆ ಚಲಿಸತೊಡಗಿತು. ಅವನು ಎಂಜಿನ್ನಿಗೆ ಸಿಲುಕಿ ಅಸುನೀಗಿದನು.

ಕಿವಿಗೆ ಸಾಧನವಿದ್ದ ಮಾತ್ರಕ್ಕೆ ತಪ್ಪು ತಿಳಿವಳಿಕೆ ನಿಲ್ಲುವುದಿಲ್ಲ. ಮಾತಿಗೂ ತನ್ನದೇ ಆದ ಬಲೆಗಳಿವೆ. ಬ್ರೇಕಿನ ವಿಷಯದಲ್ಲಿ "ಸರಿ" ಎಂದು ಉತ್ತರ ಬಂದರೆ ಏನೆಂದು ತಿಳಿಯಬೇಕು? ಹಾಕಿದ್ದೇನೆಂದೋ, ಬಿಟ್ಟಿದ್ದೇನೆಂದೋ, ನೀನು ಹೇಳಿದುದು ಕೇಳಿಸಿತೆಂದೋ? ಆದುದರಿಂದಲೇ "ಬ್ರೇಕು ಹಾಕಿದೆ", "ಬ್ರೇಕು ಬಿಟ್ಟಿದೆ" ಎಂದು ಪೂರ್ಣವಾಗಿ ನುಡಿಯುವ ಪದ್ಧತಿ ಬಂದಿದೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ಮಂಜಿನಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇಯ ಮೇಲೆಯೇ ಡಿಕ್ಕಿಯಾಗಿ 583 ಜನರು ಮೃತರಾದರು. ಅಂದು ನಿಯಂತ್ರಕನು ನುಡಿದ ಒಂದು "ಓಕೆ", ಹಾಗೂ ಅದರ ಹಿಂದೆಯೇ ಬಂದ "ಕಾಯಿರಿ" ಎಂಬ ಮಾತು ಇನ್ನೊಂದು ವಿಮಾನದ ಧ್ವನಿಯೊಡನೆ ಬೆರೆತು ಅಸ್ಪಷ್ಟವಾದುದು, ಆ ಘೋರಕ್ಕೆ ಕಾರಣವಾದ ಸಂಗತಿಗಳಲ್ಲಿ ಸೇರಿವೆ. ಅದು ನಿಲುಗಡೆಯ ಅಂಗಳದ ಕಥೆಯಲ್ಲ ನಿಜ. ಆದರೂ ಒಂದು ಚಿಕ್ಕ ಪದದ ತೂಕವನ್ನು ತಿಳಿಯಲು ಅದಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು.

ಬೆರಳು ತೋರಿಸಿ ಹೇಳುವುದಾದರೂ ನಿಶ್ಚಿತವೆನ್ನೋಣವೆಂದರೆ ಅದೂ ಹಾಗಲ್ಲ. 2021ರ ಜೂನ್ 18ರಂದು ಲಂಡನ್ನಿನ ಹೀತ್ರೂ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ 787 ವಿಮಾನದ ಮೂಗಿನ ಚಕ್ರ ಮಡಿಸಿಕೊಳ್ಳದಂತೆ ತಡೆಗೀಲೊಂದನ್ನು ಸಿಕ್ಕಿಸಬೇಕಾಗಿತ್ತು. ಹಿರಿಯ ತಂತ್ರಜ್ಞನಿಗೆ ಎತ್ತರ ಸಾಲದು. ಅವನು ರಂಧ್ರವನ್ನು ಬೆರಳಿನಿಂದ ತೋರಿಸಿದನು. ಜೊತೆಯವನು ಕೀಲನ್ನು ಸಿಕ್ಕಿಸಿದನು, ಆದರೆ ಪಕ್ಕದಲ್ಲಿಯೇ ಇದ್ದ ಇನ್ನೊಂದು ರಂಧ್ರಕ್ಕೆ. ಪರೀಕ್ಷೆಗಾಗಿ ಚಕ್ರವನ್ನು ಎತ್ತುವ ಹಿಡಿಯನ್ನು ಸರಿಸಿದಾಗ ಚಕ್ರ ಮಡಿಸಿಕೊಂಡು, ವಿಮಾನವು ಮೂಗಿನ ಮೇಲೆ ಕುಸಿಯಿತು.

ಈಗ ಅನೇಕ ದೊಡ್ಡ ನಿಲ್ದಾಣಗಳಲ್ಲಿ ಮಾರ್ಷಲರನ ಸ್ಥಾನದಲ್ಲಿ ದೀಪದ ಫಲಕಗಳು ಬಂದಿವೆ. ವಿಮಾನ ಗೆರೆಯಿಂದ ಎಷ್ಟು ದೂರದಲ್ಲಿದೆ, ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಎಂಬುದನ್ನು ಯಂತ್ರವೇ ಅಳೆದು ತೋರಿಸುತ್ತದೆ. ಫಲಕ ಕೆಟ್ಟರೆ ಮತ್ತೆ ಕೋಲು ಹಿಡಿದವನೇ ಬರಬೇಕು. ಇನ್ನು ವಿಮಾನ ಹೊರಡುವಾಗಿನ ಕೊನೆಯ ಒಪ್ಪಿಗೆಯಂತೂ ಇಂದಿಗೂ ಮನುಷ್ಯನ ಕೈಯಲ್ಲಿಯೇ ಉಳಿದಿದೆ. ವಿಮಾನವನ್ನು ನೂಕಿ ನಿಲ್ಲಿಸಿದ ಮೇಲೆ ನೆಲದವನು ತನ್ನ ಕಿವಿಯ ಸಾಧನದ ತಂತಿಯನ್ನು ಬಿಚ್ಚುತ್ತಾನೆ. ಮೂಗಿನ ಚಕ್ರದ ಚುಕ್ಕಾಣಿಗೆ ಸಿಕ್ಕಿಸಿದ್ದ ಕೀಲನ್ನು ತೆಗೆಯುತ್ತಾನೆ. ಅದಕ್ಕೆ ಕೆಂಪು ಪಟ್ಟಿಯೊಂದನ್ನು ಕಟ್ಟಿರುತ್ತದೆ. ಟ್ರ್ಯಾಕ್ಟರೂ ಜನರೂ ದೂರ ಸರಿದ ಮೇಲೆ, ವೈಮಾನಿಕನಿಗೆ ಕಾಣುವಂತೆ ಪಕ್ಕದಲ್ಲಿ ನಿಂತು, ಆ ಕೀಲನ್ನು ಎತ್ತಿ ಹಿಡಿದು ಪಟ್ಟಿಯನ್ನು ಬೆರಳಿನಿಂದ ತೋರಿಸುತ್ತಾನೆ. ಮೇಲಿನ ಕಿಟಕಿಯಲ್ಲಿ ಒಂದು ಕೈ ಏಳುತ್ತದೆ. ಅದನ್ನು ಕಂಡ ಮೇಲೆ ಅವನು ತಿರುಗಿ ನಡೆಯುತ್ತಾನೆ. ವಿಮಾನ ಮೆಲ್ಲನೆ ಮುಂದಕ್ಕೆ ಸರಿಯುತ್ತದೆ.